ಎಂಜಿನ್ನಿನ ಕಾವು, ವೈರುಗಳ ಕ್ಷೇಮ

ಕಾರಿನ ಬಾನೆಟ್ಟನ್ನು ಎತ್ತಿದವರ ಕಣ್ಣಿಗೆ ಮೊದಲು ಬೀಳುವುದು ಎಂಜಿನ್ನು. ಅದರ ಸುತ್ತ ಬಳ್ಳಿಗಳಂತೆ ಹಬ್ಬಿರುವ ವೈರುಗಳನ್ನೂ ರಬ್ಬರ್ ಪೈಪುಗಳನ್ನೂ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ನಡುದಾರಿಯಲ್ಲಿ ಕಾರು ನಿಂತುಹೋಗುವುದಕ್ಕೂ, ಕೆಲವೊಮ್ಮೆ ಹೊತ್ತಿ ಉರಿಯುವುದಕ್ಕೂ ಕಾರಣ ಈ ಬಳ್ಳಿಗಳಲ್ಲೇ ಅಡಗಿರುವುದುಂಟು.

ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಬರುವ ಹೊಗೆಕೊಳವೆಯ ಮೈ, ಘಾಟಿ ಹತ್ತುವಾಗ ೪೦೦ ಡಿಗ್ರಿ ಸೆಂಟಿಗ್ರೇಡನ್ನು ದಾಟಬಲ್ಲುದು. ಸಾಧಾರಣ ಪಿ.ವಿ.ಸಿ. ಹೊದಿಕೆಯ ವೈರು ತಾಳುವುದು ೮೫ರಿಂದ ೧೦೫ ಡಿಗ್ರಿಯವರೆಗೆ. ಎರಡರ ನಡುವೆ ಇರುವುದು ಕೆಲವೇ ಅಂಗುಲ ಗಾಳಿ. ಕಾವು ಮೀರಿದರೆ ಹೊದಿಕೆ ಕರಗುತ್ತದೆ, ಇಲ್ಲವೆ ವರ್ಷಗಳುದ್ದಕ್ಕೂ ಒಣಗಿ ಬಿರುಕು ಬಿಡುತ್ತದೆ. ಒಳಗಿನ ತಾಮ್ರ ಕಾರಿನ ಲೋಹದ ಮೈಗೆ ತಗಲಿತೆಂದರೆ ಕಿಡಿ ಹಾರಿತು. ಪಕ್ಕದಲ್ಲೇ ಪೆಟ್ರೋಲು ಜಿನುಗುವ ಪೈಪಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಈ ಕಾವು ಬಹುಮಟ್ಟಿಗೆ ಬರುವುದು ಮುಟ್ಟಿಯಲ್ಲ, ವಿಕಿರಣದಿಂದ. ಸೌದೆಯೊಲೆಯ ಮುಂದೆ ಕುಳಿತವರಿಗೆ ಇದು ಗೊತ್ತು. ಮುಖಕ್ಕೆ ಬಡಿಯುವ ಝಳ, ಒಂದು ಮೊಳ ಹಿಂದೆ ಸರಿದರೆ ಇಳಿಯುತ್ತದೆ. ನಡುವೆ ಒಂದು ಮೊರ ಅಡ್ಡ ಹಿಡಿದರೆ ತಟ್ಟನೆ ನಿಲ್ಲುತ್ತದೆ. ಕಾರು ತಯಾರಿಸುವವರು ಮಾಡುವುದೂ ಇದನ್ನೇ. ಕ್ಲಿಪ್ಪು ಹಾಕಿ ವೈರನ್ನು ದೂರ ಹಿಡಿಯುತ್ತಾರೆ. ನಡುವೆ ಒಂದು ತಗಡಿನ ಮರೆ ನಿಲ್ಲಿಸುತ್ತಾರೆ.

ತೊಂದರೆ ಶುರುವಾಗುವುದು ಸಾಮಾನ್ಯವಾಗಿ ರಿಪೇರಿಯ ನಂತರ. ಬಿಚ್ಚಿದ ಕ್ಲಿಪ್ಪು ಮರಳಿ ಕೂರುವುದಿಲ್ಲ, ವೈರು ಜೋತು ಹೊಗೆಕೊಳವೆಗೆ ಒರಗುತ್ತದೆ. ತುಕ್ಕು ಹಿಡಿದ ತಗಡು ಗಡಗಡಿಸುತ್ತದೆಂದು ಅದನ್ನು ಕಿತ್ತೆಸೆಯುವುದೂ ಉಂಟು. ಸದ್ದು ಅಡಗಿತೆಂದು ಯಜಮಾನರಿಗೆ ಸಂತೋಷ! ಆ ಎರಡು ಕಾಸಿನ ಕ್ಲಿಪ್ಪಿಗೆ, ಅಂಗಡಿಯಲ್ಲಿ ಮಾರುವ ಎಷ್ಟೋ ಬೆಡಗಿನ ಸಾಮಾನುಗಳಿಗಿಂತ ಹೆಚ್ಚಿನ ಬೆಲೆಯನ್ನು ನಾನು ಕೊಡುತ್ತೇನೆ.

ಗಾಜುನಾರಿನ ತೋಳು, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಮ್ ಹೊದಿಕೆಯ ತೋಳು ಇವೂ ದೊರೆಯುತ್ತವೆ, ಒಳ್ಳೆಯವೇ. ಆದರೆ ಅವುಗಳ ಮಿತಿ ತಿಳಿದಿರಬೇಕು. ಬಟ್ಟೆ ಹಿಡಿದು ಬಿಸಿ ಪಾತ್ರೆ ಇಳಿಸುತ್ತೇವೆ. ತುಸು ಹೆಚ್ಚು ಹೊತ್ತು ಹಿಡಿದರೆ ಬಟ್ಟೆಯೂ ಕಾದು ಕೈ ಸುಡುತ್ತದೆ. ಕೊಳವೆಗೆ ಒರಗಿದ ವೈರಿಗೆ ತೋಳು ತೊಡಿಸಿದರೂ ಅದೇ ಗತಿ. ಹೊಳೆಯುವ ಮೈ ಝಳವನ್ನು ಹಿಂದಕ್ಕೆ ಚಿಮ್ಮಿಸಬೇಕಾದರೆ ಎದುರಿಗೆ ಗಾಳಿಯ ಬಿಡುವು ಇರಲೇಬೇಕು. ಮನೆಯ ವೈರಿಂಗಿಗೆ ಸುತ್ತುವ ಕಪ್ಪು ಟೇಪಂತೂ ಇಲ್ಲಿ ಕೆಲಸಕ್ಕೆ ಬಾರದು. ಅದರ ಅಂಟೇ ಕರಗಿ ಜಾರುತ್ತದೆ. ಹಳೆಯ ಕಾರುಗಳಲ್ಲಿ ಆಸ್ಬೆಸ್ಟಾಸ್ ಹಗ್ಗ ಸುತ್ತಿರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಕೆರೆದು ತೆಗೆಯಲು ಹೋಗಬಾರದು.

ಪೆಟ್ರೋಲಿನ ಪೈಪಿನ ಕಥೆಯೇ ಬೇರೆ. ೧೯೫೭ರಿಂದ ೨೦೧೪ರವರೆಗೆ ತಯಾರಾದ ಅಂಬಾಸಿಡರಿನ ಹಳೆಯ ಪೆಟ್ರೋಲ್ ಕಾರುಗಳು ಬೇಸಗೆಯಲ್ಲಿ ಘಾಟಿಯ ನಡುವೆ ನಿಂತಾಗ, ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದುದನ್ನು ಹಿರಿಯರು ನೆನೆದಾರು. ಅದು ಮೂಢನಂಬಿಕೆಯಲ್ಲ. ಕಾವಿಗೆ ಪೆಟ್ರೋಲು ಆವಿಯಾಗುತ್ತಿತ್ತು. ದ್ರವವನ್ನು ಎಳೆಯಬಲ್ಲ ಪಂಪು ಆವಿಯ ಮುಂದೆ ಸೋಲುತ್ತಿತ್ತು. ಒದ್ದೆ ಬಟ್ಟೆಯ ನೀರು ಆರುತ್ತ ಪಂಪನ್ನು ತಣಿಸುತ್ತಿತ್ತು. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಒತ್ತಡದಲ್ಲಿ ನೂಕುವುದರಿಂದ ಆ ಕಾಟ ಅಪರೂಪ. ರಬ್ಬರು ಮಾತ್ರ ಇಂದಿಗೂ ಕಾವಿಗೆ ಸೀಳುತ್ತದೆ.

ಎಂಜಿನ್ ನಿಲ್ಲಿಸಿದೊಡನೆ ಕಾವು ಇಳಿಯಿತೆಂದೂ ತಿಳಿಯಬಾರದು. ಬೀಸುಗಾಳಿ ನಿಂತದ್ದರಿಂದ ಬಾನೆಟ್ಟಿನ ಕೆಳಗಿನ ಸೆಕೆ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಆದ್ದರಿಂದ ಪರೀಕ್ಷೆ ಮಾಡುವುದಾದರೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಟಾರ್ಚು ಹಿಡಿದು ನೋಡಬೇಕು: ಹೊಳಪುಗಟ್ಟಿದ ಇಲ್ಲವೆ ಕಂದಿದ ಹೊದಿಕೆ, ಬಗ್ಗಿಸಿದರೆ ಬಿರಿಯುವ ಪೈಪು, ಖಾಲಿ ಬಿದ್ದಿರುವ ಕ್ಲಿಪ್ಪಿನ ತೂತು. ಪೆಟ್ರೋಲಿನ ವಾಸನೆ ಬಂದರೆ ಕಾರನ್ನು ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸುವುದು ಲೇಸು. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಿರುತ್ತವೆ. ಅವು ಪ್ರಾಣಾಪಾಯದ ಒತ್ತಡದ ವಿದ್ಯುತ್ತನ್ನು ಒಯ್ಯುವುದರಿಂದ, ನೋಡಬಹುದು, ಮುಟ್ಟಬಾರದು.