ಭಾರದ ಯಂತ್ರಕ್ಕೆ ಗಾಲಿಯೂ ಪಾದವೂ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸುತ್ತಣ ಕಾಡುಗಳು ಸಾಗುವಾನಿಗೆ ಹೆಸರಾದವು. ಮರಗೆಲಸವು ಆ ಸೀಮೆಗೆ ಒಗ್ಗಿದ ಕಸುಬು. ದಾಂಡೇಲಿಯಲ್ಲಿ 1959ರಲ್ಲಿ ಉತ್ಪಾದನೆ ತೊಡಗಿದ ಕಾಗದದ ಗಿರಣಿಯಂಥ ದೊಡ್ಡ ಕಾರ್ಖಾನೆಗಳಲ್ಲಿ ಮಹಾಯಂತ್ರಗಳನ್ನು ತಳಪಾಯಕ್ಕೆ ಬಿಗಿದು ನಿಲ್ಲಿಸುತ್ತಾರೆ. ಸಣ್ಣ ಬಡಗಿಶಾಲೆಯ ಪಾಡು ಬೇರೆ. ಒಂದೇ ಕೋಣೆಯಲ್ಲಿ ಗರಗಸ, ಉಜ್ಜುಗೊರಡು, ಬೈರಿಗೆಗಳ ಯಂತ್ರಗಳು ನಿಂತಿರುತ್ತವೆ. ಉದ್ದನೆಯ ತೊಲೆ ಬಂದಾಗ ಯಂತ್ರವು ಸರಿಯಬೇಕು. ಕೊಯ್ಯುವಾಗ ಕೂದಲೆಳೆಯಷ್ಟೂ ಸರಿಯಬಾರದು. ಮರವನ್ನು ಒತ್ತುತ್ತಿರುವಾಗ ಯಂತ್ರವು ಹಿಂಜರಿದರೆ, ಆಯ ತಪ್ಪಿದ ಕೈ ಗರಗಸದ ಹಲ್ಲಿಗೆ ಬಿದ್ದೀತು.

ಈ ಎರಡು ಬೇಡಿಕೆಗಳನ್ನೂ ಪೂರೈಸಲು ಮಟ್ಟ ಹೊಂದಿಸುವ ಗಾಲಿಯನ್ನು ರಚಿಸಿದ್ದಾರೆ. ಇದರಲ್ಲಿ ಗಾಲಿಯ ಪಕ್ಕದಲ್ಲಿಯೇ ತಿರುಪಿಗೆ ಜೋಡಿಸಿದ ರಬ್ಬರಿನ ಪಾದವಿದೆ. ತಿರುಪನ್ನು ತಿರುಗಿಸಿದರೆ ಪಾದವು ಇಳಿದು ನೆಲವನ್ನು ಒತ್ತುತ್ತದೆ, ಗಾಲಿಯು ಮೇಲೇಳುತ್ತದೆ. ಚಲಿಸುವಾಗ ಭಾರವು ಗಾಲಿಯದು, ದುಡಿಯುವಾಗ ಪಾದದ್ದು.

ಎಷ್ಟು ಭಾರ ಹೊರಬಲ್ಲ ಗಾಲಿಯನ್ನು ಆರಿಸಬೇಕು? 600 ಕಿಲೋಗ್ರಾಂ ತೂಕದ ಯಂತ್ರಕ್ಕೆ ನಾಲ್ಕು ಗಾಲಿಗಳಾದರೆ ತಲಾ 150 ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಒಲೆಯ ಮೂರು ಗುಂಡುಗಳನ್ನು ನೆನೆಯಿರಿ. ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿಯೇ ಇರುತ್ತವೆ. ಆದುದರಿಂದಲೇ ಮುಕ್ಕಾಲಿಯು ಎಂತಹ ನೆಲದಲ್ಲಿಯೂ ಕುಂಟುವುದಿಲ್ಲ. ನಾಲ್ಕನೆಯ ಬಿಂದುವಿಗೆ ಈ ನಿಯಮವಿಲ್ಲ. ಒರಟು ನೆಲದ ಮೇಲೆ ಒಂದು ಗಾಲಿಯು ಗಾಳಿಯಲ್ಲಿ ಉಳಿದೀತು. ಆದಕಾರಣ ತೂಕವನ್ನು ಮೂರರಿಂದ ಭಾಗಿಸಿ 200 ಎಂದು ಹಿಡಿಯುವುದು ವಾಡಿಕೆ. ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸೋಣ. ಚೌಕಟ್ಟು ಬಾಗದ ಬೀಡುಕಬ್ಬಿಣದ್ದಾಗಿದ್ದು, ಗುರುತ್ವಕೇಂದ್ರವು ನಟ್ಟನಡುವೆ ಇದ್ದರೆ, ಕರ್ಣದ ಎರಡು ಗಾಲಿಗಳೇ ಇಡೀ ಭಾರವನ್ನು ಹೊರುತ್ತವೆ. ಮೂರನೆಯದು ನೆಲವನ್ನು ಮುಟ್ಟಿದ್ದರೂ ಹೊರುವುದು ಏನೂ ಇಲ್ಲ. ಆಗ ಒಂದೊಂದಕ್ಕೂ 300 ಕಿಲೋಗ್ರಾಂ! ಇಂತಹ ಯಂತ್ರಕ್ಕೆ ಎರಡರಿಂದ ಭಾಗಿಸುವುದೇ ಕ್ಷೇಮ.

ಗಾಲಿಯ ಗಾತ್ರವೂ ಮುಖ್ಯ. 5 ಸೆಂಟಿಮೀಟರು ವ್ಯಾಸದ ಗಾಲಿಗೆ 5 ಮಿಲಿಮೀಟರು ಎತ್ತರದ ಅಂಚೊಂದು ಅಡ್ಡ ಬಂದಿತೆನ್ನಿ. ಗಾಲಿಯ ಕೇಂದ್ರದಿಂದ ಆ ಅಂಚಿಗೆ ಎಳೆದ ಗೆರೆಯ ಉದ್ದ ತ್ರಿಜ್ಯದಷ್ಟೇ, ಅಂದರೆ 25 ಮಿಲಿಮೀಟರು. ಕೇಂದ್ರವು ಅಂಚಿಗಿಂತ 20 ಮಿಲಿಮೀಟರು ಮೇಲಿದೆ. ಹಾಗಾದರೆ ಅಡ್ಡದೂರ 15. ಸಾಮತೋಲನದ ನಿಯಮದಂತೆ, ಗಾಲಿಯನ್ನು ಹತ್ತಿಸಲು ಅದರ ಮೇಲಿನ ಭಾರದ 15/20, ಎಂದರೆ ಮುಕ್ಕಾಲು ಪಾಲಿನಷ್ಟು ನೂಕುಬಲ ಬೇಕು. ವ್ಯಾಸವನ್ನು 10 ಸೆಂಟಿಮೀಟರಿಗೆ ಹೆಚ್ಚಿಸಿದರೆ ಅರ್ಧಕ್ಕಿಂತ ಕಡಮೆ ಸಾಕು. ಮಟ್ಟ ಹೊಂದಿಸುವ ಗಾಲಿಗಳು ಸಾಮಾನ್ಯವಾಗಿ ಚಿಕ್ಕವು. ಅವು ನಯವಾದ ಸಿಮೆಂಟು ನೆಲದಲ್ಲಿ ನಾಲ್ಕು ಹೆಜ್ಜೆ ಸರಿಸಲು ತಕ್ಕವು. ನೆಲವು ಒಡೆದಿದ್ದರೆ ಹಲಗೆ ಹಾಸಬೇಕು. ನೂಕುವಾಗ ಕೈ ಕೆಳಗಿರಲಿ; ಎತ್ತರದ ಯಂತ್ರವನ್ನು ನೆತ್ತಿಯಲ್ಲಿ ನೂಕಿದರೆ, ತಡೆದ ಗಾಲಿಯ ಮೇಲೆ ಅದು ಮಗುಚೀತು.

ಯಂತ್ರವು ನೆಲೆಗೆ ಬಂದ ಮೇಲೆ ರಸಮಟ್ಟವನ್ನಿಟ್ಟು ನೋಡಬೇಕು. ತಿರುಪಿನ ಎಳೆಗಳ ಅಂತರ 2 ಮಿಲಿಮೀಟರು ಇದ್ದರೆ, 4 ಮಿಲಿಮೀಟರು ತಗ್ಗಿದ ಮೂಲೆಯನ್ನು ಎರಡು ಸುತ್ತು ಎತ್ತುತ್ತದೆ. ಮೊದಲು ಮೂರು ಪಾದಗಳಿಂದ ಮಟ್ಟವನ್ನು ಸಾಧಿಸಿ, ನಾಲ್ಕನೆಯದನ್ನು ನೆಲಕ್ಕೆ ಊರುವಷ್ಟು ಮಾತ್ರ ಇಳಿಸಬೇಕು. ಹೆಚ್ಚು ಬಿಗಿದರೆ ಚೌಕಟ್ಟು ತಿರುಚಿಕೊಂಡು ಕೊಯ್ತವು ಸೊಟ್ಟಗಾಗುತ್ತದೆ. ಗಾಲಿಗಳು ನೆಲದಿಂದ ಬಿಟ್ಟಿವೆಯೆಂದು ಬಗ್ಗಿ ನೋಡದೆ ಗರಗಸವನ್ನು ನಡೆಸಕೂಡದು.

ವಿದ್ಯಾರ್ಥಿಗಳು ಇದನ್ನೆಲ್ಲ ತರಗತಿಯಲ್ಲಿಯೇ ಪರೀಕ್ಷಿಸಬಹುದು. ಮೇಜಿನ ಒಂದು ಕಾಲಿನ ಕೆಳಗೆ ಒಂದು ನಾಣ್ಯವನ್ನಿಟ್ಟು, ಉಳಿದ ಕಾಲುಗಳ ಕೆಳಗೆ ಕಾಗದದ ಚೂರುಗಳನ್ನು ತೂರಿಸಿ ಎಳೆದು ನೋಡಿ. ಯಾವ ಕಾಲು ದುಡಿಯುತ್ತಿದೆ, ಯಾವುದು ಬರಿದೆ ನಿಂತಿದೆ ಎಂಬುದನ್ನು ಕಾಗದವೇ ಹೇಳುತ್ತದೆ.