ಮುಳ್ಳು ಹೇಳುವ ಸುಳ್ಳು

ಲೈಟ್‌ಹೌಸ್ ಹಿಲ್ ರಸ್ತೆಯ ಏರಿನಲ್ಲಿ ಟ್ರಾಫಿಕ್‌ಗೆ ಸಿಕ್ಕಿ ನಿಂತ ಬೈಕಿನ ಪೆಟ್ರೋಲ್ ಮೀಟರ್ ಎರಡು ಕಡ್ಡಿ ತೋರಿಸುತ್ತದೆ. ಅದೇ ಬೈಕ್ ಹಂಪನಕಟ್ಟೆಗೆ ಇಳಿದು ಸಮತಟ್ಟಿನಲ್ಲಿ ನಿಂತರೆ ಮೂರು. ನಡುವೆ ಯಾರೂ ಪೆಟ್ರೋಲ್ ಹಾಕಿಲ್ಲ. ಗುಡ್ಡಗಳ ಮೇಲೆ ಬೆಳೆದ ಮಂಗಳೂರಿನಲ್ಲಿ ಇದನ್ನು ದೋಷ ಎನ್ನಲಾಗದು. ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಎಂಬುದು ಮೀಟರಿಗೆ ಗೊತ್ತೇ ಇರುವುದಿಲ್ಲ. ಒಳಗೆ ಯಾವುದೋ ಒಂದು ಜಾಗದಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕಿದೆ ಎಂಬುದಷ್ಟೇ ಅದಕ್ಕೆ ತಿಳಿಯುವುದು.

ಆ ಎತ್ತರವನ್ನು ಅಳೆಯುವ ಸಲಕರಣೆ, ಗ್ಯಾರೇಜಿನ ಭಾಷೆಯಲ್ಲಿ ‘ಯೂನಿಟ್’, ತೀರಾ ಸರಳ. ಒಂದು ತಂತಿಯ ತೋಳು, ಅದರ ತುದಿಯಲ್ಲಿ ತೇಲುವ ಫ್ಲೋಟ್. ಪೆಟ್ರೋಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ತೋಳು ತಿರುಗುತ್ತದೆ. ತೋಳಿನ ಇನ್ನೊಂದು ತುದಿಯಲ್ಲಿರುವ ಪುಟ್ಟ ಲೋಹದ ನಾಲಿಗೆ ಒಂದು ರೋಧಕ ಪಟ್ಟಿಯ ಮೇಲೆ ಸವರಿಕೊಂಡು ಜರುಗುತ್ತದೆ. ನಾಲಿಗೆ ನಿಂತ ಜಾಗಕ್ಕೆ ತಕ್ಕಂತೆ ವಿದ್ಯುತ್ತಿಗೆ ಸಿಗುವ ತಡೆ ಬದಲಾಗುತ್ತದೆ. ಆ ಬದಲಾವಣೆಯನ್ನೇ ಮೀಟರ್ ಮುಳ್ಳಾಗಿಯೋ ಕಡ್ಡಿಗಳಾಗಿಯೋ ತೋರಿಸುತ್ತದೆ. ಪೆಟ್ರೋಲಿನೊಳಗೆ ಕರೆಂಟೇ ಎಂದು ಹೌಹಾರಬೇಕಿಲ್ಲ. ಹರಿಯುವುದು ಕಿಡಿ ಹೊತ್ತಿಸಲಾರದಷ್ಟು ಅಲ್ಪ ವಿದ್ಯುತ್.

ಬೈಕಿನ ಟ್ಯಾಂಕಿನ ಆಕಾರವೂ ಮೀಟರಿಗೆ ಅನುಕೂಲವಾಗಿಲ್ಲ. ಅದು ಚಾಸಿಸ್‌ನ ಕೊಳವೆಯ ಮೇಲೆ ಜೀನಿನಂತೆ ಕೂರುವುದರಿಂದ ತಳ ನಡುವೆ ಮೇಲಕ್ಕೆ ಉಬ್ಬಿರುತ್ತದೆ, ಕೆಳಭಾಗ ಎರಡು ಹೋಳು. ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಮೊದಲರ್ಧ ನಿಧಾನವಾಗಿ ಇಳಿದಂತೆ ಕಂಡದ್ದು ಕೊನೆಗೆ ಸರಸರನೆ ಖಾಲಿಯಾಗುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನಿಲ್ಲಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. ಕುಲುಕಾಟಕ್ಕೆ ಮುಳ್ಳು ಕುಣಿಯದಿರಲೆಂದು ಮೀಟರ್ ಸಿಗ್ನಲನ್ನು ಸರಾಸರಿ ಮಾಡಿ ತೋರಿಸುವುದರಿಂದ, ಬಂಕಿನಿಂದ ಹೊರಬಿದ್ದು ಸ್ವಲ್ಪ ದೂರ ಹೋಗುವವರೆಗೂ ಕೆಲವು ಗಾಡಿಗಳಲ್ಲಿ ಮುಳ್ಳು ಮೇಲೇಳುವುದಿಲ್ಲ.

ಇಷ್ಟನ್ನು ಸಹಿಸಿಕೊಳ್ಳಬಹುದು. ನಿಜವಾದ ತಲೆನೋವು ಬೇರೆ. ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ, ಅಥವಾ ಅರ್ಧದಲ್ಲಿ ಹೋಗಿ ಬಂದು ಮಾಡುತ್ತದೆ. ಗ್ಯಾರೇಜಿನವರು “ಯೂನಿಟ್ ಹೋಗಿದೆ ಮಾರಾಯ್ರೆ, ಬದಲಿಸಿದ್ರೆ ಸರಿಯಾಗ್ತದೆ” ಎನ್ನುತ್ತಾರೆ. ಸರಿಯಾಗುತ್ತದೆ ಕೂಡ, ಮುಂದಿನ ಮಳೆಗಾಲದವರೆಗೆ. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿ ತಿರುಗಿಸುವಾಗ ಕರಕರ ಎನ್ನುತ್ತಿತ್ತಲ್ಲ, ಇಲ್ಲಿರುವುದೂ ಅದೇ ಜಾತಿಯ ಭಾಗ. ನಾಲಿಗೆಗೂ ಪಟ್ಟಿಗೂ ನಡುವೆ ತೆಳುವಾದ ಕಿಲುಬು ಕೂತರೆ ಸಾಕು, ಸಂಪರ್ಕ ತಪ್ಪುತ್ತದೆ.

ಕಿಲುಬಿಗೆ ಇಂಧನವೇ ಕಾರಣವಾಗಬಹುದು. ಇಂಥ ಸಂಪರ್ಕಗಳಲ್ಲಿ ಬೆಳ್ಳಿಯ ಬಳಕೆ ಸಾಮಾನ್ಯ, ಬೆಳ್ಳಿಗೆ ಗಂಧಕ ಆಗಿಬರದು. 2004ರಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಕಡೆ ಗಂಧಕ ಬೆರೆತ ಪೆಟ್ರೋಲ್ ಬಂಕುಗಳಿಗೆ ಹೋಗಿ, ಕಾರುಗಳ ಟ್ಯಾಂಕಿನೊಳಗಿನ ಬೆಳ್ಳಿ ಕಪ್ಪಿಟ್ಟು, ಖಾಲಿ ಟ್ಯಾಂಕನ್ನೂ ಮೀಟರ್ ಫುಲ್ ಎಂದು ತೋರಿಸಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಬಂದ ಮೇಲೆ ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕ ಇರುವಂತಿಲ್ಲ. ಅದಕ್ಕೂ ಮೊದಲಿನ ಮಿತಿ 50 ಇತ್ತು. ಹಾಗಾಗಿ ಮಂಗಳೂರಿನಲ್ಲಿ ನಾನು ಮೊದಲು ಶಂಕಿಸುವುದು ಗಂಧಕವನ್ನಲ್ಲ, ನೀರನ್ನು.

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ಇದು. ಬೈಕಿನ ಟ್ಯಾಂಕ್ ಮುಚ್ಚಳವನ್ನು ಎತ್ತಿ ನೋಡಿ. ಅನೇಕ ಗಾಡಿಗಳಲ್ಲಿ ಬಾಯಿಯ ಸುತ್ತಲಿನ ತಗ್ಗಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಮುಚ್ಚಳದ ಸುತ್ತ ನಿಂತ ಮಳೆನೀರು ಅದರ ಮೂಲಕ ರಬ್ಬರ್ ಪೈಪಿಗಿಳಿದು ನೆಲಕ್ಕೆ ಬೀಳಬೇಕು. ಕೆಂಪು ಧೂಳೋ ಪಾಚಿಯೋ ಕೂತು ಆ ತೂತು ಮುಚ್ಚಿದರೆ, ಮುಚ್ಚಳದ ರಬ್ಬರ್ ಸಡಿಲವಾಗಿದ್ದಲ್ಲಿ ನೀರಿಗೆ ಟ್ಯಾಂಕೇ ದಾರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಒಂದಷ್ಟು ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿತೆಂದರೆ ನೀರಿನ ಜೊತೆಗೂಡಿ ಬೇರೆ ಪದರವಾಗಿ ತಳ ಸೇರುತ್ತದೆ. ಶುದ್ಧ ಪೆಟ್ರೋಲ್ ವಿದ್ಯುತ್ತನ್ನು ಹರಿಯಬಿಡುವುದಿಲ್ಲ ಎನ್ನಬಹುದು, ಆದರೆ ಈ ನೀರು-ಎಥೆನಾಲ್ ಮಿಶ್ರಣ ಬಿಡುತ್ತದೆ. ಅದರಲ್ಲಿ ಮುಳುಗಿದ ಲೋಹಕ್ಕೆ ತುಕ್ಕು ಬೇಗ.

ಕಿಲುಬು ಕೂರುವ ಇನ್ನೊಂದು ಜಾಗ ಟ್ಯಾಂಕಿನ ಹೊರಗಿದೆ. ಯೂನಿಟ್ಟಿನಿಂದ ಬರುವ ವಯರ್‌ಗಳ ಕಪ್ಲರ್ ಟ್ಯಾಂಕಿನ ಅಡಿಯಲ್ಲಿ ಅಡಗಿರುತ್ತದೆ. ಕಡಲ ತೀರದ ಉಪ್ಪುಗಾಳಿ, ಅದರ ಮೇಲೆ ವಾಟರ್ ಸರ್ವಿಸ್‌ನ ಪ್ರೆಷರ್ ಪಂಪು. ಬಿಚ್ಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಹಿಟ್ಟು ಹತ್ತಿರುತ್ತದೆ. ಇದನ್ನು ನೋಡದೆ ಯೂನಿಟ್ ಬದಲಿಸಿದರೆ ಒಂದು ತಮಾಷೆ ನಡೆಯುತ್ತದೆ: ಹೊಸದನ್ನು ಜೋಡಿಸುವಾಗ ಕಪ್ಲರ್ ಕಿತ್ತು ಮತ್ತೆ ಒತ್ತುವುದರಿಂದ ಪಿನ್ನು ಉಜ್ಜಿಕೊಂಡು ತಾತ್ಕಾಲಿಕವಾಗಿ ಸರಿಹೋಗುತ್ತದೆ. ಹೆಸರು ಹೊಸ ಯೂನಿಟ್ಟಿಗೆ.

ಪರೀಕ್ಷೆಗೆ ಬೇಕಾದದ್ದು ಒಂದು ಮಲ್ಟಿಮೀಟರ್. ಹೊರತೆಗೆದ ಯೂನಿಟ್ಟಿನ ಎರಡು ಪಿನ್ನುಗಳಿಗೆ ಅದನ್ನು ಹಿಡಿದು ಫ್ಲೋಟನ್ನು ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಎತ್ತಿ. ಓಮ್ ಅಂಕಿ ಒಂದೇ ದಿಕ್ಕಿನಲ್ಲಿ ಸರಾಗವಾಗಿ ಬದಲಾದರೆ ಯೂನಿಟ್ ನಿರಪರಾಧಿ, ವಯರಿಂಗ್ ಹುಡುಕಬೇಕು. ಎಲ್ಲಾದರೂ ಒಂದು ಕಡೆ ಅಂಕಿ ಎಗರಿದರೆ ಪಟ್ಟಿ ಸತ್ತಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲಿನ ಸದ್ದು ಬಂದರೆ ಅದು ತೂತಾಗಿ ಮುಳುಗಿದೆ. ಟ್ಯಾಂಕ್ ತೆರೆದ ಕೆಲಸ ಬಯಲಲ್ಲೇ ಆಗಬೇಕು, ಹತ್ತಿರ ಬೀಡಿ ಸಿಗರೇಟು ಬೇಡ.

ಹಿಂದೆ ಮೀಟರ್ ಕೆಟ್ಟರೂ ಯಾರೂ ಕಂಗೆಡುತ್ತಿರಲಿಲ್ಲ, ರಿಸರ್ವ್ ಇತ್ತು. ಅದು ಬೇರೆ ಟ್ಯಾಂಕಲ್ಲ. ಕಾಕ್‌ನಲ್ಲಿ ಎರಡು ಬಾಯಿ, ಒಂದು ಎತ್ತರದ ನಳಿಕೆ, ಇನ್ನೊಂದು ತಳದಲ್ಲಿ. ಪೆಟ್ರೋಲ್ ನಳಿಕೆಗಿಂತ ಕೆಳಗಿಳಿದು ಗಾಡಿ ಮುಗ್ಗರಿಸಿದರೆ ಓಡಿಸುತ್ತಲೇ ಎಡಗೈ ಇಳಿಸಿ ಕಾಕ್ ತಿರುಗಿಸಿದರಾಯಿತು. ಕರೆಂಟು ಬೇಡ, ಕಿಲುಬಿನ ಭಯವಿಲ್ಲ. ಇಷ್ಟು ಒಳ್ಳೆಯ ಉಪಾಯ ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಮಾಯವಾಯಿತು. ಈಗ ಅನೇಕ ಬೈಕುಗಳಲ್ಲಿ ಟ್ಯಾಂಕಿನೊಳಗೇ ಪಂಪು ಕೂತಿದೆ, ಅದನ್ನು ತಂಪಾಗಿಡುವುದೂ ಸುತ್ತಲಿನ ಪೆಟ್ರೋಲೇ. ಖಾಲಿಯಾಗುವವರೆಗೆ ಓಡಿಸುವ ಚಾಳಿ ಪಂಪಿನ ಆಯುಷ್ಯ ತಿನ್ನುತ್ತದೆ, ಪಂಪಿನ ಬೆಲೆ ಫ್ಲೋಟ್ ಯೂನಿಟ್ಟಿಗಿಂತ ಎಷ್ಟೋ ಹೆಚ್ಚು.

ಉಳಿದಿರುವ ನಂಬಿಕಸ್ಥ ಎಂದರೆ ಟ್ರಿಪ್ ಮೀಟರ್. ಫುಲ್ ಟ್ಯಾಂಕ್ ಮಾಡಿಸಿ ಸೊನ್ನೆಗೆ ತನ್ನಿ. 12 ಲೀಟರ್ ಟ್ಯಾಂಕ್, ಲೀಟರಿಗೆ 45 ಕಿಲೋಮೀಟರ್ ಮೈಲೇಜ್ ಇದ್ದರೆ ಕಾಗದದ ಮೇಲೆ 540. ಊರೊಳಗಿನ ಏರು ಇಳಿವು, ಸಿಗ್ನಲ್ ಎಲ್ಲ ಕಳೆದು 400ಕ್ಕೆ ಬಂಕು ಹುಡುಕಿ. ಶಿರಾಡಿ ಘಾಟಿ ಹತ್ತುವುದಿದ್ದರೆ 350ಕ್ಕೇ.