ಬೇರಿನ ಜೊತೆಗಾರ: ಮೈಕೊರೈಜಾ ಪಾಠಕ್ಕೊಂದು ದಾರಿ

ಶಿಲೀಂಧ್ರ ಎಂದೊಡನೆ ಮಕ್ಕಳು ಹೇಳುವುದು ಬ್ರೆಡ್ಡಿನ ಬೂಷ್ಟು, ಅಣಬೆ, ಬೆಳೆರೋಗ. ಬೇರಿಗೆ ನೆರವಾಗುವ ಶಿಲೀಂಧ್ರವನ್ನು ಜಯನಗರದ ಬೋಧನಾಭ್ಯಾಸದಲ್ಲಿ ನಾನು ರಾಗಿಯಿಂದ ಪರಿಚಯಿಸಿದೆ.

ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ತಾಗಿದ ಮಣ್ಣಿನ ರಂಜಕ ಬೇಗ ಮುಗಿಯುತ್ತದೆ. ಮೈಕೊರೈಜಾ ಶಿಲೀಂಧ್ರದ ಎಳೆಗಳು ಅದರಾಚೆಗೂ ಚಾಚಿ ರಂಜಕ ತರುತ್ತವೆ. ಪ್ರತಿಯಾಗಿ ಸಸ್ಯ ಸಕ್ಕರೆ, ಕೊಬ್ಬು ಕೊಡುತ್ತದೆ. ಈ ಹೆಸರನ್ನು 1885ರಲ್ಲಿ ಕೊಟ್ಟವರು ಜರ್ಮನಿಯ ಎ. ಬಿ. ಫ್ರಾಂಕ್. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಇದರ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

"ಎಲ್ಲ ಗಿಡಕ್ಕೂ ಇದು ಇದೆಯಾ ಮಿಸ್?" ಎಂಬ ಪ್ರಶ್ನೆಗೆ ಅಕ್ಕಡಿ ಸಾಲು ಒಳ್ಳೆಯ ಉತ್ತರ. ರಾಗಿ, ಅವರೆ ಈ ಜೊತೆಯನ್ನು ಕಟ್ಟಿಕೊಳ್ಳುತ್ತವೆ. ಅದೇ ಹೊಲದ ಸಾಸಿವೆ ಸಾಮಾನ್ಯವಾಗಿ ಕಟ್ಟಿಕೊಳ್ಳುವುದಿಲ್ಲ.

ಪರಿಸರ ಬದಲಾದರೆ ಈ ಕೊಡುಕೊಳ್ಳುವಿಕೆಯೂ ಬದಲಾಗುತ್ತದೆ. ಮಳೆ ಕೈಕೊಟ್ಟಾಗ ಎಳೆಗಳು ಗಿಡಕ್ಕೆ ಬರ ತಾಳಲು ನೆರವಾಗಬಲ್ಲವು. ರಂಜಕದ ಗೊಬ್ಬರ ಅತಿಯಾದರೆ ಬೇರಿನಲ್ಲಿ ಶಿಲೀಂಧ್ರ ಕಡಿಮೆಯಾಗುತ್ತದೆ. ಮರದ ಬುಡದವರೆಗೆ ಕಾಂಕ್ರೀಟ್ ಹಾಕಿದರೆ ಮಣ್ಣಿಗೆ ಗಾಳಿ, ನೀರು ಇಳಿಯುವುದು ಕಷ್ಟ. ಬೇರು, ಶಿಲೀಂಧ್ರ ಎರಡೂ ಸೊರಗುತ್ತವೆ.

ಬೋಧಿಸುವವರಿಗೆ ಎರಡು ಎಚ್ಚರಿಕೆ. ರಾಗಿ ಸಸಿಯಲ್ಲಿ ಬರಿಗಣ್ಣಿಗೆ ಕಾಣುವ ಬಿಳಿ ನವಿರು ಬೇರುರೋಮ, ಶಿಲೀಂಧ್ರವಲ್ಲ. ಬೇರಿನೊಳಗಿನ ಶಿಲೀಂಧ್ರವನ್ನು ನೋಡಲು ಬಣ್ಣವೂ ಸೂಕ್ಷ್ಮದರ್ಶಕವೂ ಬೇಕು. "ಶಿಲೀಂಧ್ರ ಉಪಕಾರ ಮಾಡುತ್ತದೆ" ಎನ್ನುವ ಬದಲು "ಕೊಟ್ಟು ಪಡೆಯುತ್ತದೆ" ಎನ್ನಿ.

ಮೌಲ್ಯಮಾಪನಕ್ಕೆ ಈ ಪ್ರಶ್ನೆ ಸಾಕು: ನಿಮ್ಮ ಬೀದಿಯ ಒಂದು ಮರದ ಬುಡದಲ್ಲಿ ಎಷ್ಟು ಮಣ್ಣು ತೆರೆದಿದೆ? ಅಳೆದು ಬನ್ನಿ, ಅದು ಹೆಚ್ಚಿದರೆ ಬೇರಿಗೇನು ಲಾಭ, ವಿವರಿಸಿ.